ಸುಂಯ್ ಅನ್ನುತ್ತದೆ, ಸ್ಟೇಷನ್ ಬರುವುದಿಲ್ಲ: ಹಳೆ ಟ್ರಾನ್ಸಿಸ್ಟರ್ ರೇಡಿಯೋದ ದೋಷ ಹುಡುಕುವ ಬಗೆ

ಮೇಜಿನ ಮೇಲೆ ಒಂದು ಹಳೆ ರೇಡಿಯೋ ಇದೆ ಎಂದುಕೊಳ್ಳಿ. ಹೊಸ ಸೆಲ್ ಹಾಕಿದ್ದೀರಿ. ಬಿರಡೆ ತಿರುಗಿಸಿದ್ದೀರಿ. ಸ್ಟೇಷನ್ ಇಲ್ಲ. ಕೈ ತಾನಾಗಿ ಸ್ಕ್ರೂಡ್ರೈವರ್ ಕಡೆ ಹೋಗುತ್ತದೆ. ಒಂದು ನಿಮಿಷ ತಡೆಯಿರಿ. ಮೊದಲು ಕಿವಿ ಕೊಟ್ಟು ಕೇಳಿ.

ಇಷ್ಟು ವರ್ಷ ನಾನು ಈ ಹವ್ಯಾಸವನ್ನು ಬಿಡದೆ ಇರುವುದಕ್ಕೆ ಕಾರಣ ಇದೇ. ರೇಡಿಯೋ ತನ್ನ ಕಾಯಿಲೆಯನ್ನು ಸದ್ದಿನಲ್ಲೇ ಹೇಳುತ್ತದೆ. ಕೆಟ್ಟ ಫೋನ್ ಏನೂ ಹೇಳುವುದಿಲ್ಲ, ಪರದೆ ಕಪ್ಪಾಗಿ ಕೂರುತ್ತದೆ ಅಷ್ಟೆ. ರೇಡಿಯೋ ಹಾಗಲ್ಲ. ಸುಂಯ್, ಗುಂಯ್, ಚರಚರ, ಟಪಟಪ, ಒಂದೊಂದು ಸದ್ದಿಗೂ ಒಳಗೆ ಒಂದೊಂದು ಜಾಗ ಇದೆ. ಆ ಜಾಗ ಕಣ್ಣಿಗೆ ಕಾಣುತ್ತದೆ, ಬೆರಳಿಗೂ ಸಿಗುತ್ತದೆ.

ಇಲ್ಲಿ ಹೇಳುವುದೆಲ್ಲ ಸೆಲ್‌ನಿಂದ ನಡೆಯುವ, ಮೀಡಿಯಂ ವೇವ್ ಹಿಡಿಯುವ ಟ್ರಾನ್ಸಿಸ್ಟರ್ ಸೆಟ್‌ಗೆ. ಆರೇಳು ಟ್ರಾನ್ಸಿಸ್ಟರ್ ಇರುವ ಸೆಟ್ ಆದರೆ ಇನ್ನೂ ಒಳ್ಳೆಯದು. ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರುವ ಇನ್ನೂ ಹಳೆಯ ಸೆಟ್ ಬೇರೆಯೇ ಕಥೆ. ಅದರೊಳಗೆ 200 ವೋಲ್ಟ್‌ಗೂ ಜಾಸ್ತಿ ಡಿಸಿ ಇರುತ್ತದೆ. ಕೆಲವು ಸೆಟ್‌ಗಳಲ್ಲಿ ಲೋಹದ ಚಾಸಿಯೇ ನೇರವಾಗಿ ಮನೆಯ ಕರೆಂಟಿಗೆ ಸೇರಿರುತ್ತದೆ. ಪ್ಲಗ್ ಕಿತ್ತ ಮೇಲೂ ಕರೆಂಟ್ ತುಂಬಿಟ್ಟುಕೊಳ್ಳುವ ಕಂಡೆನ್ಸರ್ ಎಂಬ ಭಾಗ ಹೊಡೆಯಬಹುದು. ಗೊತ್ತಿರುವವರು ಪಕ್ಕದಲ್ಲಿ ಇಲ್ಲದೆ ಅದಕ್ಕೆ ಕೈ ಹಾಕಬೇಡಿ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಒಂದು ಮಲ್ಟಿಮೀಟರ್, ಸಣ್ಣ ಮೊನೆಯ ಸೋಲ್ಡರಿಂಗ್ ಐರನ್, ಸೋಲ್ಡರ್, ಪ್ಲಾಸ್ಟಿಕ್ ಮೊನೆಯ ಸ್ಕ್ರೂಡ್ರೈವರ್. ಜೊತೆಗೆ ಚೆನ್ನಾಗಿ ಕೆಲಸ ಮಾಡುವ ಇನ್ನೊಂದು ರೇಡಿಯೋ. ಈ ಎರಡನೇ ರೇಡಿಯೋ ಯಾಕೆ ಎಂದು ಮುಂದೆ ಹೇಳುತ್ತೇನೆ. ಮುಚ್ಚಳ ತೆಗೆದ ಕೂಡಲೇ ನಾಲ್ಕು ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಕಿತ್ತುಹೋದ ಸಣ್ಣ ತಂತಿ ಎಲ್ಲಿತ್ತು ಎಂದು ಆಮೇಲೆ ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ.

ಮೌನದಲ್ಲೂ ಬಗೆ ಇದೆ

ಸ್ವಿಚ್ ಹಾಕಿದಾಗ ಸ್ಪೀಕರ್‌ನಲ್ಲಿ ಟಪ್ ಎಂಬ ಸಣ್ಣ ಸದ್ದೂ ಬರದಿದ್ದರೆ ಅದು ಪೂರ್ತಿ ಮೌನ. ಕರೆಂಟ್ ಒಳಗೆ ಹೋಗುತ್ತಿಲ್ಲ, ಇಲ್ಲವೇ ಸ್ಪೀಕರ್‌ವರೆಗೆ ದಾರಿ ಇಲ್ಲ. ಟಪ್ ಎಂದು, ವಾಲ್ಯೂಮ್ ಏರಿಸಿದಾಗ ಸಣ್ಣಗೆ ಸುಂಯ್ ಎಂದು ಕೇಳಿ, ಸ್ಟೇಷನ್ ಮಾತ್ರ ಇಲ್ಲದಿದ್ದರೆ ಸ್ಪೀಕರ್ ಕಡೆಯ ಹಿಂದಿನ ಅರ್ಧ ಸರಿ ಇದೆ, ಸ್ಟೇಷನ್ ಹಿಡಿಯುವ ಮುಂದಿನ ಅರ್ಧ ಕೆಟ್ಟಿದೆ. ಸ್ಟೇಷನ್ ಬಂದು, ಮಾತು ಒಡೆದ ಹಾಗೆ ಇದ್ದರೆ ಅದು ಮೂರನೇ ಬಗೆ. ಈ ಮೂರರಲ್ಲಿ ನಿಮ್ಮದು ಯಾವುದು ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಬರೆಯದಿದ್ದರೆ ಅರ್ಧ ಗಂಟೆಯಲ್ಲಿ ಮನಸ್ಸು ದಾರಿ ತಪ್ಪುತ್ತದೆ. ಇದು ನನ್ನ ಅನುಭವ.

ಪೂರ್ತಿ ಮೌನ ಎಲ್ಲಕ್ಕಿಂತ ಸುಲಭ. ಮೊದಲು ಸೆಲ್ ಕೂರುವ ಜಾಗದ ಸ್ಪ್ರಿಂಗ್ ನೋಡಿ. ಆಲ್ಕಲೈನ್ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಹತ್ತಿಯಲ್ಲಿ ಸ್ವಲ್ಪ ವಿನೆಗರ್ ಅದ್ದಿ ಒರೆಸಿ. ಸೋರಿದ್ದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಹುಳಿ ಅದನ್ನು ಮುರಿಯುತ್ತದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಚೆನ್ನಾಗಿ ಒಣಗಿಸಿ. ಕಪ್ಪು ತುಕ್ಕು ಹಿಡಿದ ಸ್ಪ್ರಿಂಗನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ.

ಆಮೇಲೆ ಮೀಟರನ್ನು ಮಿಲಿಆಂಪ್‌ಗೆ ಇಟ್ಟು, ಸೆಲ್ ಮತ್ತು ಸೆಟ್ ನಡುವೆ ಸರಣಿಯಲ್ಲಿ ಸೇರಿಸಿ. ವಾಲ್ಯೂಮ್ ಪೂರ್ತಿ ಇಳಿಸಿದಾಗ ಈ ಬಗೆಯ ಸೆಟ್ ಸಾಮಾನ್ಯವಾಗಿ 5ರಿಂದ 20 ಮಿಲಿಆಂಪ್ ಎಳೆಯುತ್ತದೆ. ಸೊನ್ನೆ ತೋರಿಸಿದರೆ ಸ್ವಿಚ್, ತಂತಿ, ಸ್ಪ್ರಿಂಗ್ ಇವುಗಳಲ್ಲೇ ಎಲ್ಲೋ ಕಡಿದಿದೆ. ನೂರು ದಾಟಿದರೆ ಕೂಡಲೇ ತೆಗೆಯಿರಿ. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿರಬೇಕು, ಇಲ್ಲವೇ ಸೆಲ್‌ಗೆ ಅಡ್ಡಲಾಗಿ ಇರುವ ದೊಡ್ಡ ಕಂಡೆನ್ಸರ್. ಈ ಒಂದು ಅಳತೆಗೆ ಎರಡು ನಿಮಿಷ ಸಾಕು. ಆದರೂ ಜನ ಇದನ್ನೇ ಬಿಟ್ಟುಬಿಡುತ್ತಾರೆ.

ಕರೆಂಟ್ ಸರಿ ಇದ್ದೂ ಸದ್ದಿಲ್ಲ ಎಂದರೆ ಇಯರ್‌ಫೋನ್ ತೂತನ್ನು ನೋಡಿ. ಪಿನ್ ಚುಚ್ಚಿದಾಗ ಸ್ಪೀಕರ್ ಕಡಿದುಹೋಗಲಿ ಎಂದು ಅದರೊಳಗೆ ಒಂದು ತೆಳು ತಗಡು ಇರುತ್ತದೆ. ಕಿಲುಬು ಹಿಡಿದರೆ ಅದು ಪಿನ್ ಇಲ್ಲದೆಯೂ ಕಡಿದೇ ಇರುತ್ತದೆ. ಪಿನ್ ಹತ್ತು ಸಲ ಹಾಕಿ ತೆಗೆದರೆ ಎಷ್ಟೋ ಸೆಟ್ ಮಾತಾಡುತ್ತವೆ.

ಬೆರಳೇ ಮೀಟರ್

ಸುಂಯ್ ಅನ್ನುತ್ತದೆ, ಸ್ಟೇಷನ್ ಬರುವುದಿಲ್ಲ. ಹೆಚ್ಚಿನವರು ಇಲ್ಲಿಗೆ ಬಂದು ನಿಲ್ಲುತ್ತಾರೆ. ನಿಜವಾದ ಖುಷಿ ಶುರುವಾಗುವುದೂ ಇಲ್ಲೇ.

ಮೊದಲು ಸೆಟ್ಟನ್ನು ಮನಸ್ಸಿನಲ್ಲಿ ಎರಡು ತುಂಡು ಮಾಡಿ. ನಡುವಿನ ಗೆರೆ ವಾಲ್ಯೂಮ್ ಕಂಟ್ರೋಲ್. ಅದರ ಹಿಂದೆ ಇರುವುದೆಲ್ಲ ಆಡಿಯೋ, ಮುಂದೆ ಇರುವುದೆಲ್ಲ ರೇಡಿಯೋ. ವಾಲ್ಯೂಮ್ ಪೂರ್ತಿ ಏರಿಸಿ. ಸಣ್ಣ ಸ್ಕ್ರೂಡ್ರೈವರ್‌ನ ಲೋಹದ ಮೊನೆಗೆ ಬೆರಳು ತಾಗಿಸಿಕೊಂಡು, ಕಂಟ್ರೋಲ್‌ನ ನಡುವಿನ ಕಾಲನ್ನು ಮುಟ್ಟಿ. ಟಕ್ ಎಂದೋ ಗುಂಯ್ ಎಂದೋ ಕೇಳಬೇಕು. ಕೇಳಿದರೆ ಅಲ್ಲಿಂದ ಸ್ಪೀಕರ್‌ವರೆಗೆ ಎಲ್ಲ ಸರಿ ಇದೆ. ಒಂದೇ ಮುಟ್ಟಿಗೆ ಅರ್ಧ ಸೆಟ್ ಅನುಮಾನದಿಂದ ಹೊರಗೆ ಬಂತು. ಕೇಳದಿದ್ದರೆ ಸ್ಪೀಕರ್ ಕಡೆಯಿಂದ ಒಂದೊಂದೇ ಟ್ರಾನ್ಸಿಸ್ಟರ್‌ನ ಬೇಸ್ ಎಂಬ ಕಾಲನ್ನು ಮುಟ್ಟುತ್ತ ಕಂಟ್ರೋಲ್ ಕಡೆಗೆ ಬನ್ನಿ. ಸದ್ದು ಎಲ್ಲಿ ಸಾಯುತ್ತದೋ ಅಲ್ಲೇ ಕೆಲಸ.

ಮುಂದಿನ ಅರ್ಧ ಅರ್ಥವಾಗಬೇಕಾದರೆ ಒಂದು ವಿಷಯ ಗೊತ್ತಿರಬೇಕು. 1918ರಲ್ಲಿ ಎಡ್ವಿನ್ ಆರ್ಮ್‌ಸ್ಟ್ರಾಂಗ್ ರೂಪಿಸಿದ ಸೂಪರ್‌ಹೆಟ್ ಎಂಬ ಏರ್ಪಾಡೇ ಇವತ್ತಿಗೂ ಈ ಸೆಟ್‌ಗಳ ಒಳಗಿದೆ. ಒಂದೊಂದು ಸ್ಟೇಷನ್ ಒಂದೊಂದು ಕಂಪನಾಂಕದಲ್ಲಿ ಬರುತ್ತದೆ. ಎಲ್ಲವನ್ನೂ ಒಂದೇ ರೀತಿ ದೊಡ್ಡದು ಮಾಡುವುದು ಕಷ್ಟ. ಅದಕ್ಕೆ ರೇಡಿಯೋ ತಾನೇ ಒಳಗೆ ಒಂದು ಸಣ್ಣ ಅಲೆ ಹುಟ್ಟಿಸುತ್ತದೆ. ಬಂದ ಅಲೆ, ಹುಟ್ಟಿಸಿದ ಅಲೆ ಎರಡನ್ನೂ ಬೆರೆಸುತ್ತದೆ. ಎರಡರ ನಡುವಿನ ವ್ಯತ್ಯಾಸ ಯಾವಾಗಲೂ ಒಂದೇ ಇರುವಂತೆ ನೋಡಿಕೊಳ್ಳುತ್ತದೆ. ಬಹುಪಾಲು ಸೆಟ್‌ಗಳಲ್ಲಿ ಆ ವ್ಯತ್ಯಾಸ 455 ಕಿಲೋಹರ್ಟ್ಜ್. ಇದನ್ನೇ ಐಎಫ್ ಅನ್ನುವುದು. ಎಲ್ಲ ಸೆಟ್‌ಗೂ ಇದೇ ಸಂಖ್ಯೆ ಎಂದುಕೊಳ್ಳಬೇಡಿ. 1954ರಲ್ಲಿ ಮಾರುಕಟ್ಟೆಗೆ ಬಂದ ರೀಜೆನ್ಸಿ ಟಿಆರ್-1 ಎಂಬ ಜೇಬಿನ ರೇಡಿಯೋದಲ್ಲಿ ನಾಲ್ಕೇ ಟ್ರಾನ್ಸಿಸ್ಟರ್, ಐಎಫ್ 262 ಕಿಲೋಹರ್ಟ್ಜ್.

ಒಳಗೆ ಅಲೆ ಹುಟ್ಟಿಸುವ ಭಾಗದ ಹೆಸರು ಆಸಿಲೇಟರ್. ಅದು ನಿಂತರೆ ಐಎಫ್ ಹುಟ್ಟುವುದಿಲ್ಲ, ಸ್ಟೇಷನ್ ಬರುವುದಿಲ್ಲ. ಹಿಂದಿನ ಭಾಗದ ಸುಂಯ್ ಮಾತ್ರ ಉಳಿಯುತ್ತದೆ. ನಮ್ಮ ಲಕ್ಷಣ ಅದೇ ಅಲ್ವಾ?

ಎರಡನೇ ರೇಡಿಯೋ ಬೇಕಾಗುವುದು ಇಲ್ಲಿ. ಕೆಟ್ಟ ಸೆಟ್ಟನ್ನು ಡಯಲ್‌ನಲ್ಲಿ 1000 ಕಿಲೋಹರ್ಟ್ಜ್ ಹತ್ತಿರ ನಿಲ್ಲಿಸಿ. ಅದರ ಆಸಿಲೇಟರ್ ಬದುಕಿದ್ದರೆ 1455ರಲ್ಲಿ ಅಲೆ ಹುಟ್ಟಿಸುತ್ತಿರಬೇಕು. ಒಳ್ಳೆಯ ಸೆಟ್ಟನ್ನು ಪಕ್ಕಕ್ಕೆ, ಒಂದು ಗೇಣು ದೂರದಲ್ಲಿ ಇಟ್ಟು 1455ರ ಸುತ್ತ ಖಾಲಿ ಜಾಗಕ್ಕೆ ತಿರುಗಿಸಿ. ಅಲ್ಲಿ ಬರೀ ಗಾಳಿಯ ಸದ್ದು ಇರುತ್ತದೆ. ಈಗ ಕೆಟ್ಟ ಸೆಟ್ಟಿನ ಬಿರಡೆಯನ್ನು ನಿಧಾನವಾಗಿ ಆಚೆ ಈಚೆ ತಿರುಗಿಸಿ. ಒಂದು ಜಾಗದಲ್ಲಿ ಒಳ್ಳೆಯ ಸೆಟ್‌ನ ಗಾಳಿ ಸದ್ದು ತಟ್ಟನೆ ಅಡಗುತ್ತದೆ. ಅಲ್ಲಿ ಯಾವುದಾದರೂ ಮಂದ ಸ್ಟೇಷನ್ ಇದ್ದರೆ ಸಿಳ್ಳೆ ಕೇಳುತ್ತದೆ. ಹಾಗಾದರೆ ಆಸಿಲೇಟರ್ ಬದುಕಿದೆ. ಏನೇ ಮಾಡಿದರೂ ಏನೂ ಬದಲಾಗದಿದ್ದರೆ ಅದು ನಿಂತಿದೆ.

ಮೊದಲ ಸಲ ಇದನ್ನು ಮಾಡಿದ ರಾತ್ರಿ ನನಗೆ ಇನ್ನೂ ನೆನಪಿದೆ. ಸತ್ತಿದೆ ಎಂದುಕೊಂಡಿದ್ದ ಪೆಟ್ಟಿಗೆ, ತಂತಿಯ ಸಂಬಂಧವೇ ಇಲ್ಲದೆ, ಪಕ್ಕದ ಪೆಟ್ಟಿಗೆಯ ಮೂಲಕ ಸಿಳ್ಳೆ ಹಾಕಿತು. ಸ್ಟೇಷನ್ ಕೇಳಿಸಿಕೊಳ್ಳುವ ಯಂತ್ರ ತಾನೂ ಒಂದು ಪುಟ್ಟ ಸ್ಟೇಷನ್ ಎಂದು ಪುಸ್ತಕದಲ್ಲಿ ಓದಿದ್ದೆ. ಅದು ನಿಜವೆಂದು ಮನಸ್ಸಿಗೆ ಹತ್ತಿದ್ದು ಆ ಸಿಳ್ಳೆ ಕೇಳಿದ ಮೇಲೆ. ಆ ರಾತ್ರಿ ರಿಪೇರಿ ಮುಂದುವರಿಸಲೇ ಇಲ್ಲ. ಸುಮ್ನೆ ಬಿರಡೆ ತಿರುಗಿಸುತ್ತ ಕೂತೆ.

ಅರ್ಧ ಡಯಲ್ ಮಾತ್ರ ಬದುಕಿದ್ದ ಸೆಟ್

ಆ ಸೆಟ್‌ನ ಕಥೆ ಪೂರ್ತಿ ಹೇಳಬೇಕು. ಯಾಕೆಂದರೆ ಅದರಲ್ಲಿ ನಾನು ಎರಡು ವಾರ ತಪ್ಪು ಜಾಗದಲ್ಲಿ ಹುಡುಕಿದ್ದೆ.

ಡಯಲ್‌ನಲ್ಲಿ 800ರ ಮೇಲೆ, ಒಳ್ಳೆಯ ಸೆಟ್ ಹಿಡಿಯಬಲ್ಲಷ್ಟು ದೂರ, ಸಿಳ್ಳೆ ಸರಿಯಾಗಿ ಬರುತ್ತಿತ್ತು. 800ರ ಕೆಳಗೆ ಇಳಿದರೆ ತಟ್ಟನೆ ನಿಲ್ಲುತ್ತಿತ್ತು. ಆಸಿಲೇಟರ್ ಕೆಳಗಿನ ತುದಿಯಲ್ಲಿ ನಿಲ್ಲುವುದು ಹೊಸದಲ್ಲ. ಸೆಲ್ ಇಳಿದಿದ್ದರೆ, ಟ್ರಾನ್ಸಿಸ್ಟರ್ ಬಲ ಕಳೆದುಕೊಂಡಿದ್ದರೆ ಹೀಗಾಗುತ್ತದೆ. ಹಾಗಾಗಿ ಟ್ರಾನ್ಸಿಸ್ಟರ್ ಬದಲಾಯಿಸಿದೆ. ಅದರ ಎಮಿಟರ್ ಎಂಬ ಕಾಲಿಗೆ ಸೇರಿದ ಕಂಡೆನ್ಸರ್ ಬದಲಾಯಿಸಿದೆ. ಏನೂ ಆಗಲಿಲ್ಲ.

ಒಂದು ವಿಷಯ ಮಾತ್ರ ನನ್ನನ್ನು ಕೊರೆಯುತ್ತಿತ್ತು. ಬಲ ಸಾಲದೆ ನಿಲ್ಲುವ ಆಸಿಲೇಟರ್ ನಿಧಾನವಾಗಿ ಸೊರಗಬೇಕು. ಇದು ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು. ಅದೂ ನಿಲ್ಲುವ ಹೊತ್ತಿಗೆ ಸ್ಪೀಕರ್‌ನಲ್ಲಿ ಸಣ್ಣ ಚರ್ ಎಂಬ ಸದ್ದು.

ಆ ಚರ್ ಸದ್ದೇ ಉತ್ತರ. ಹಳೆ ಸೆಟ್ ಆದ್ದರಿಂದ ಅದರ ಗ್ಯಾಂಗ್ ಕಂಡೆನ್ಸರ್, ಅಂದರೆ ಸ್ಟೇಷನ್ ಬದಲಿಸಲು ಬಿರಡೆ ತಿರುಗಿಸುವ ಭಾಗ, ಗಾಳಿಯದು. ನಿಂತ ತಗಡುಗಳ ನಡುವೆ ತಿರುಗುವ ತಗಡುಗಳು ತೂರಿಕೊಳ್ಳುತ್ತವೆ, ನಡುವೆ ಕೂದಲೆಳೆಯಷ್ಟು ಗಾಳಿ. ಡಯಲ್ ಕೆಳಗೆ ಇಳಿದಂತೆ ತಗಡುಗಳು ಜಾಸ್ತಿ ಜಾಸ್ತಿ ಒಳಗೆ ಹೋಗುತ್ತವೆ. ಒಂದು ತಗಡು ಸ್ವಲ್ಪ ಬಾಗಿ ಪಕ್ಕದ್ದಕ್ಕೆ ತಾಗುತ್ತಿತ್ತು.

ಮೀಟರ್‌ನಲ್ಲಿ ನೋಡುವಾಗ ಇಲ್ಲಿ ಒಂದು ಮೋಸ ಇದೆ. ಗ್ಯಾಂಗ್‌ಗೆ ಅಡ್ಡಲಾಗಿ ಕಾಯಿಲ್, ಅಂದರೆ ತಂತಿಯ ಸುರುಳಿ, ಇರುತ್ತದೆ. ಕಾಯಿಲ್‌ನ ತಂತಿಗೆ ಇರುವುದೇ ಕೆಲವು ಓಮ್. ಹಾಗಾಗಿ ಗ್ಯಾಂಗ್ ಚೆನ್ನಾಗಿದ್ದರೂ ಮೀಟರ್ ಶಾರ್ಟ್ ಎಂದೇ ತೋರಿಸುತ್ತದೆ, ಕೆಟ್ಟಿದ್ದರೂ ಅದನ್ನೇ ತೋರಿಸುತ್ತದೆ. ಮೊದಲು ಕಾಯಿಲ್‌ನ ಒಂದು ತಂತಿ ಬಿಡಿಸಬೇಕು. ಬಿಡಿಸಿದೆ. ಮೇಲಿನ ತುದಿಯಲ್ಲಿ ಮೀಟರ್ ಏನೂ ತೋರಿಸಲಿಲ್ಲ. ಬಿರಡೆ ತಿರುಗಿಸುತ್ತ 800ಕ್ಕೆ ಬಂದಾಗ ಸೊನ್ನೆ ಓಮ್. ಬ್ಲೇಡಿನಂಥ ತೆಳ್ಳಗಿನ ಪ್ಲಾಸ್ಟಿಕ್ ಚೂರು ತೂರಿಸಿ ಆ ತಗಡನ್ನು ನೇರ ಮಾಡಿದೆ. ಒಂದು ನಿಮಿಷದ ಕೆಲಸ.

ಆಮೇಲಿನ ದಿನಗಳ ಸೆಟ್‌ಗಳಲ್ಲಿ ಗ್ಯಾಂಗ್ ಸಣ್ಣ ಪ್ಲಾಸ್ಟಿಕ್ ಡಬ್ಬಿಯೊಳಗೆ ಇರುತ್ತದೆ, ತಗಡುಗಳ ನಡುವೆ ತೆಳು ಪ್ಲಾಸ್ಟಿಕ್ ಹಾಳೆ. ಅದು ಹಾಳಾದರೆ ಬಿರಡೆ ತಿರುಗಿಸಿದಷ್ಟೂ ಹೊತ್ತು ಚರಚರ ಸದ್ದು. ಅದನ್ನು ಬಿಚ್ಚಿ ಸರಿ ಮಾಡಲು ಹೋಗಬೇಡಿ, ಬದಲಾಯಿಸಿ.

ಆಸಿಲೇಟರ್ ಎಲ್ಲೂ ಹುಟ್ಟದಿದ್ದರೆ ಆ ಟ್ರಾನ್ಸಿಸ್ಟರ್‌ನ ವೋಲ್ಟೇಜ್ ಅಳೆಯಿರಿ. ಬೇಸ್ ಮತ್ತು ಎಮಿಟರ್ ನಡುವೆ ಸಿಲಿಕಾನ್ ಆದರೆ ಸುಮಾರು 0.6 ವೋಲ್ಟ್, ಜರ್ಮೇನಿಯಂ ಆದರೆ 0.2ರ ಆಸುಪಾಸು. ಆಸಿಲೇಟರ್ ನಡೆಯುತ್ತಿರುವಾಗ ಇದಕ್ಕಿಂತ ಸ್ವಲ್ಪ ಕಡಿಮೆ ತೋರಿಸಬಹುದು, ಗಾಬರಿಯಾಗಬೇಡಿ. ಹಳೆ ಜರ್ಮೇನಿಯಂ ಸೆಟ್‌ಗಳಲ್ಲಿ ಹೆಚ್ಚಿನವು ಪಿಎನ್‌ಪಿ, ಅರ್ಥ್ ಇರುವುದು ಪ್ಲಸ್ ಕಡೆಗೆ. ಮೀಟರ್ ಮೈನಸ್ ತೋರಿಸಿದರೆ ಅದು ದೋಷವಲ್ಲ. ಎಎಫ್117 ಬಗೆಯ ಟ್ರಾನ್ಸಿಸ್ಟರ್ ಇದ್ದರೆ ಇನ್ನೊಂದು ವಿಚಿತ್ರ ಕಾಯಿಲೆ ಇದೆ. ವರ್ಷಗಳು ಕಳೆದಂತೆ ಅದರ ಲೋಹದ ಡಬ್ಬಿಯೊಳಗೆ ತವರದ ಮೀಸೆಗಳು ಬೆಳೆಯುತ್ತವೆ. ಕೂದಲಿಗಿಂತ ಸಣ್ಣ ಎಳೆಗಳು. ಅವು ಒಳಗಿನ ಕಾಲುಗಳನ್ನು ಡಬ್ಬಿಗೆ ತಾಗಿಸಿಬಿಡುತ್ತವೆ. ಡಬ್ಬಿಯನ್ನು ಅರ್ಥ್‌ಗೆ ಸೇರಿಸುವ ನಾಲ್ಕನೇ ಕಾಲನ್ನು ಕತ್ತರಿಸಿದರೆ ಎಷ್ಟೋ ಸಲ ಸೆಟ್ ಮತ್ತೆ ನಡೆಯುತ್ತದೆ. ಯಾರೂ ಮುಟ್ಟದೆ ಇಟ್ಟಿದ್ದ ಲೋಹ ತಾನಾಗಿ ಬೆಳೆಯುತ್ತದೆ ಎನ್ನುವುದು ನನಗೆ ಇವತ್ತಿಗೂ ಬೆರಗು.

ಐಎಫ್ ಡಬ್ಬಿಗಳನ್ನು ಮುಟ್ಟಬೇಡಿ

ಬೋರ್ಡ್ ಮೇಲೆ ಸಾಲಾಗಿ ಚೌಕದ ಲೋಹದ ಡಬ್ಬಿಗಳು ಕಾಣುತ್ತವೆ. ತಲೆಯ ಮೇಲೆ ಬಣ್ಣದ ಸ್ಕ್ರೂ. ಹಲವು ಸೆಟ್‌ಗಳಲ್ಲಿ ಕೆಂಪು ಆಸಿಲೇಟರ್, ಹಳದಿ, ಬಿಳಿ, ಕಪ್ಪು ಐಎಫ್. ನೋಡಿದರೆ ತಿರುಗಿಸಬೇಕು ಎನಿಸುತ್ತದೆ. ನನ್ನ ಮೊದಲ ಸೆಟ್‌ನಲ್ಲಿ ಅವು ಸಡಿಲವಾದ ಸ್ಕ್ರೂ ಎಂದುಕೊಂಡು ಎಲ್ಲವನ್ನೂ ಬಿಗಿ ಮಾಡಿದ್ದೆ. ಅದು ಮಂದವಾಗಿಯಾದರೂ ಎರಡು ಸ್ಟೇಷನ್ ಹಿಡಿಯುತ್ತಿದ್ದ ಸೆಟ್. ನಾನು ಮುಟ್ಟಿದ ಮೇಲೆ ಪೂರ್ತಿ ಕಿವುಡಾಯಿತು. ಒಂದು ಡಬ್ಬಿಯೊಳಗಿನ ಫೆರೈಟ್ ತಿರುಳು ಒಡೆದೇ ಹೋಯಿತು. ಲೋಹದ ಸ್ಕ್ರೂಡ್ರೈವರ್ ಹಾಕಿದ್ದೆ. ಅದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ಇವು ತಾವಾಗಿ ಅಪರೂಪಕ್ಕೆ ಹಾಳಾಗುತ್ತವೆ. ಬೇರೆ ಎಲ್ಲ ಸರಿ ಎಂದು ಖಚಿತವಾದ ಮೇಲೆ, ಬೇಕಾದ ಕಂಪನಾಂಕದ ಅಲೆ ಹುಟ್ಟಿಸುವ ಸಿಗ್ನಲ್ ಜನರೇಟರ್‌ನಿಂದ 455 ಕೊಟ್ಟು, ಪ್ಲಾಸ್ಟಿಕ್ ಮೊನೆಯಲ್ಲಿ, ಕೊನೆಯ ಡಬ್ಬಿಯಿಂದ ಮೊದಲ ಡಬ್ಬಿಗೆ ಬರುತ್ತ, ಸದ್ದು ಅತಿ ಜೋರಾಗುವ ಜಾಗದಲ್ಲಿ ನಿಲ್ಲಿಸಬೇಕು. ತಿರುಗಿಸುವ ಮುನ್ನ ಸ್ಕ್ರೂ ಯಾವ ಕಡೆಗಿತ್ತು ಎಂದು ಗುರುತು ಹಾಕಿ.

ಆಸಿಲೇಟರ್ ಬದುಕಿದೆ, ಆಡಿಯೋ ಬದುಕಿದೆ, ನಡುವೆ ಎಲ್ಲೋ ಸಿಗ್ನಲ್ ಕಳೆದುಹೋಗುತ್ತಿದೆ ಎಂದಾಗ ಒಂದು ಸಾಧನ ಬೇಕು. ಅದನ್ನು ಕೊಳ್ಳಬೇಡಿ, ಕಟ್ಟಿಕೊಳ್ಳಿ. ಕರೆಂಟನ್ನು ಒಂದೇ ಕಡೆಗೆ ಬಿಡುವ ಒಂದು ಜರ್ಮೇನಿಯಂ ಡಯೋಡ್, 1ಎನ್34 ಬಗೆಯದು ಸಾಕು. ಒಂದು ಸಣ್ಣ ಕಂಡೆನ್ಸರ್, ಒಂದು ರೆಸಿಸ್ಟರ್, ಯಾವುದಾದರೂ ಪುಟ್ಟ ಆಂಪ್ಲಿಫೈಯರ್. ಕಂಡೆನ್ಸರ್‌ನ ಮೊನೆಯನ್ನು ಒಂದೊಂದು ಐಎಫ್ ಹಂತಕ್ಕೂ ತಾಗಿಸುತ್ತ ಹೋಗಿ. ಸ್ಟೇಷನ್ ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ಕಿವಿಯಲ್ಲೇ ಗೊತ್ತಾಗುತ್ತದೆ.

ಈ ಸಾಧನ ಏನು ಗೊತ್ತಾ? ಇದರ ಮುಂದೆ ಒಂದು ಕಾಯಿಲ್, ಒಂದು ಗ್ಯಾಂಗ್, ಉದ್ದನೆಯ ಏರಿಯಲ್ ತಂತಿ ಸೇರಿಸಿದರೆ ಇದೇ ಒಂದು ರೇಡಿಯೋ. ಆಂಪ್ಲಿಫೈಯರ್ ಕಿತ್ತು 2000 ಓಮ್‌ನ ಹೆಡ್‌ಫೋನ್ ಹಾಕಿದರೆ ಅದು ಕ್ರಿಸ್ಟಲ್ ಸೆಟ್, ಸೆಲ್ಲೂ ಬೇಡ. ಸ್ಟೇಷನ್ ಕಳಿಸಿದ ಶಕ್ತಿಯಲ್ಲೇ ಅದು ಮಾತಾಡುತ್ತದೆ. ಎರಡನೇ ಮಹಾಯುದ್ಧದಲ್ಲಿ ಸೈನಿಕರು ಡಯೋಡ್ ಬದಲು ಗಡ್ಡದ ಬ್ಲೇಡು, ಪೆನ್ಸಿಲ್ ಸೀಸ ಇಟ್ಟು ಕಂದಕಗಳಲ್ಲಿ ಇಂಥ ಸೆಟ್ ಕಟ್ಟಿಕೊಂಡು ಕೇಳಿದ್ದರು. ರಿಪೇರಿಗೆಂದು ಹೊರಟವರು ಹೀಗೆ ರೇಡಿಯೋ ಕಟ್ಟುವುದಕ್ಕೆ ಬರುತ್ತಾರೆ. ಕಟ್ಟಲು ಕಲಿತವರು ಕೆಟ್ಟದ್ದನ್ನು ಇನ್ನೂ ಬೇಗ ಹಿಡಿಯುತ್ತಾರೆ. ನನ್ನ ಮಟ್ಟಿಗೆ ಇವು ಎರಡು ಹವ್ಯಾಸ ಅಲ್ಲವೇ ಅಲ್ಲ.

ಸ್ಟೇಷನ್ ಬರುತ್ತದೆ, ಮಾತು ಚೆನ್ನಾಗಿಲ್ಲ

ದೋಣಿಯ ಮೋಟರ್ ಹಾಗೆ ಟಪಟಪ ಎಂದರೆ, ವಾಲ್ಯೂಮ್ ಏರಿಸಿದಾಗ ಸೊರಗಿದರೆ ಮೊದಲ ಅನುಮಾನ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ಮೇಲೆ. ವರ್ಷ ಕಳೆದಂತೆ ಒಳಗಿನ ದ್ರವ ಒಣಗುತ್ತದೆ. 100 ಮೈಕ್ರೋಫ್ಯಾರಡ್‌ನ ಒಳ್ಳೆಯ ಕಂಡೆನ್ಸರನ್ನು ಪ್ಲಸ್ ಮೈನಸ್ ನೋಡಿಕೊಂಡು ಸೆಲ್‌ನ ಎರಡು ತಂತಿಗೆ ಅಡ್ಡಲಾಗಿ ಹಿಡಿಯಿರಿ. ಸದ್ದು ಸರಿಹೋದರೆ ಹಳೆಯದನ್ನು ಬದಲಾಯಿಸಿ. ವಾಲ್ಯೂಮ್ ತಿರುಗಿಸುವಾಗ ಮಾತ್ರ ಗೊರಗೊರ ಎಂದರೆ ಕಂಟ್ರೋಲ್‌ಗೆ ಎರಡು ತೊಟ್ಟು ಕಾಂಟ್ಯಾಕ್ಟ್ ಕ್ಲೀನರ್ ಸಾಕು.

ಸಣ್ಣ ವಾಲ್ಯೂಮ್‌ನಲ್ಲಿ ಮಾತ್ರ ಒಡೆದ ದನಿ, ಜೋರು ಮಾಡಿದರೆ ಪರವಾಗಿಲ್ಲ ಎಂಬ ಸೆಟ್ ಒಂದು ನನ್ನ ಕೈಗೆ ಬಂದಿತ್ತು. ಕಂಡೆನ್ಸರ್ ಎಲ್ಲ ಸರಿ ಇತ್ತು. ಹಿಂದಿನ ಮುಚ್ಚಳದ ಒಳಗೆ ಮಡಚಿದ ಚೀಟಿ ಅಂಟಿತ್ತು. ಮಾಸಿದ ಶಾಯಿಯಲ್ಲಿ, ಔಟ್‌ಪುಟ್ ಟ್ರಾನ್ಸಿಸ್ಟರ್ ಎರಡೂ ಬದಲಾಯಿಸಿದೆ ಎಂದು ಯಾರೋ ಬರೆದಿದ್ದರು. ನೇರವಾಗಿ ಅವನ್ನೇ ನೋಡಿದೆ. ಜರ್ಮೇನಿಯಂ ಇದ್ದ ಜಾಗದಲ್ಲಿ ಸಿಲಿಕಾನ್ ಜೋಡಿ ಇತ್ತು. ಬಯಾಸ್, ಅಂದರೆ ಟ್ರಾನ್ಸಿಸ್ಟರ್ ತೆರೆದಿರಲಿ ಎಂದು ಆ ಸೆಟ್ ಕೊಡುವ ವೋಲ್ಟೇಜ್, 0.15 ವೋಲ್ಟ್. ಜರ್ಮೇನಿಯಂಗೆ ಅದು ಸಾಕು. ಸಿಲಿಕಾನ್ ತೆರೆದುಕೊಳ್ಳಲು 0.6 ಬೇಕು. ಹಾಗಾಗಿ ಅಲೆಯ ನಡುವಿನ ಸಣ್ಣ ಭಾಗ ಎರಡೂ ಟ್ರಾನ್ಸಿಸ್ಟರ್‌ಗೆ ಕೇಳುತ್ತಲೇ ಇರಲಿಲ್ಲ. ಜರ್ಮೇನಿಯಂ ಜೋಡಿ ಹುಡುಕಿ ಹಾಕಿದೆ, ದನಿ ತಿಳಿಯಾಯಿತು. ಆ ಚೀಟಿ ಇಲ್ಲದಿದ್ದರೆ ಇಡೀ ಬೋರ್ಡ್ ಅಳೆಯುತ್ತ ಕೂರಬೇಕಿತ್ತು.

ದೋಷ ಸೆಟ್‌ನಲ್ಲೇ ಇದೆಯೇ ಎಂದೂ ಒಮ್ಮೆ ಕೇಳಿಕೊಳ್ಳಿ. ಎಲ್‌ಇಡಿ ಬಲ್ಬು, ಚಾರ್ಜರ್ ಇವೆಲ್ಲ ಮೀಡಿಯಂ ವೇವ್‌ನಲ್ಲಿ ಗರ್ ಎಂಬ ಸದ್ದು ತುಂಬುತ್ತವೆ. ಸೆಟ್ಟನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಸುತ್ತಿ. ಒಳಗಿನ ಫೆರೈಟ್ ಕಡ್ಡಿಯ ತುದಿ ಸದ್ದಿನ ಮೂಲದ ಕಡೆ ತಿರುಗಿದಾಗ ಆ ಸದ್ದು ತಗ್ಗುತ್ತದೆ. ಸುತ್ತಿದಾಗ ಸದ್ದು ಏರಿಳಿದರೆ ಅದು ಹೊರಗಿನದು. ಬಲ್ಬು ಆರಿಸಿ, ಬಯಲಿಗೆ ಹೋಗಿ ಕೇಳಿ. ಸೆಟ್‌ನಲ್ಲಿ ಏನೂ ತೊಂದರೆ ಇಲ್ಲದೆ ಇರಬಹುದು.

ಮುಚ್ಚಳ ಹಾಕುವ ಮುನ್ನ

ಎರಡು ಗಂಟೆ ಓಡಲು ಬಿಡಿ. ನಡುನಡುವೆ ಪ್ಲಾಸ್ಟಿಕ್ ಕಡ್ಡಿಯಲ್ಲಿ ಬೋರ್ಡನ್ನು ಮೆಲ್ಲಗೆ ತಟ್ಟಿ. ತಟ್ಟಿದಾಗ ಸದ್ದು ಹೋಗಿ ಬಂದರೆ ಅಲ್ಲಿ ಸೋಲ್ಡರ್ ಬಿಟ್ಟಿದೆ, ಐರನ್ ಇಟ್ಟು ಮತ್ತೆ ಕರಗಿಸಿ. ಡಯಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ. ಇದನ್ನೆಲ್ಲ ಹಗಲಲ್ಲಿ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಮಾಡಿ. ಹಗಲಲ್ಲಿ ಮೀಡಿಯಂ ವೇವನ್ನು ಹೀರಿಕೊಳ್ಳುವ ಆಕಾಶದ ಪದರ ರಾತ್ರಿ ಇಲ್ಲವಾಗುತ್ತದೆ. ದೂರದ ಸ್ಟೇಷನ್‌ಗಳು ಒಂದರ ಹಿಂದೆ ಒಂದು ಏಳುತ್ತವೆ. ಸೆಟ್ ಎಷ್ಟು ಸೂಕ್ಷ್ಮವಾಗಿದೆ ಎಂದು ತಿಳಿಯುವುದು ಆಗಲೇ. ಮಂದವಾಗಿ, ತೇಲಿ ಮುಳುಗುತ್ತ, ಗೊತ್ತಿಲ್ಲದ ಭಾಷೆಯ ಹಾಡೊಂದು ಬಂದರೆ ಐಎಫ್ ಡಬ್ಬಿಗಳ ಕಡೆ ನೋಡುವ ಅಗತ್ಯವೇ ಇಲ್ಲ.

ಕೊನೆಗೆ ಒಂದು ಚೀಟಿ ಬರೆದು ಮುಚ್ಚಳದ ಒಳಗೆ ಅಂಟಿಸಿ. ತಾರೀಖು, ಲಕ್ಷಣ ಏನಿತ್ತು, ಯಾವ ಭಾಗ ತೆಗೆದಿರಿ, ಬದಲಿಗೆ ಏನು ಹಾಕಿದಿರಿ, ವಾಲ್ಯೂಮ್ ಇಳಿಸಿದಾಗ ಎಷ್ಟು ಮಿಲಿಆಂಪ್. ಪೆನ್ಸಿಲ್‌ನಲ್ಲಿ ಬರೆಯಿರಿ, ಶಾಯಿ ಮಾಸುತ್ತದೆ. ಮೊದಲೇ ಒಂದು ಚೀಟಿ ಇದ್ದರೆ ಅದನ್ನು ಕೀಳಬೇಡಿ, ಪಕ್ಕದಲ್ಲಿ ನಿಮ್ಮದನ್ನು ಅಂಟಿಸಿ. ಸ್ಕ್ರೂಗಳನ್ನು ಕೈಗೆ ಹಿಡಿತ ಸಿಕ್ಕಷ್ಟೇ ಬಿಗಿ ಮಾಡಿ. ಹಳೆ ಪ್ಲಾಸ್ಟಿಕ್ ಬೇಗ ಬಿರುಕು ಬಿಡುತ್ತದೆ.